ಇಂಗ್ಲಿಷ್ ಪ್ಲೇಸ್‌ಮೆಂಟ್ ಟೆಸ್ಟಿಗೆ ಪ್ರಬಂಧ ಬಾಯಿಪಾಠ ಮಾಡ್ಕೊಂಡು ಹೋಗ್ಬೇಡಿ

ಪ್ರತಿ ವರ್ಷ ಅಡ್ಮಿಷನ್ ಎಲ್ಲ ಮುಗಿದು ಕ್ಲಾಸ್ ಶುರುವಾಗೋಕೆ ಇನ್ನೊಂದು ವಾರ ಇದೆ ಅನ್ನೋವಾಗ ನನ್ನನ್ನ ಎಲ್ಲರೂ ಕೇಳೋದು ಒಂದೇ, "ಮೇಡಂ, ಪಾಸ್ ಆಗೋಕೆ ಎಷ್ಟು ಬೇಕು?" ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿಗಳು ಇಡೋ ಪ್ಲೇಸ್‌ಮೆಂಟ್ ಟೆಸ್ಟ್ ಬಗ್ಗೆ ಹೇಳ್ತಿದೀನಿ. ಅದರ ಪ್ರಬಂಧಗಳನ್ನ ಓದಿ ಲೆವೆಲ್ ಹಾಕೋದು ನನ್ನ ಕೆಲಸ, ಹತ್ತು ವರ್ಷದ ಮೇಲಾಯ್ತು. ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಇದರಲ್ಲಿ ಪಾಸೂ ಇಲ್ಲ ಫೇಲೂ ಇಲ್ಲ. ಸೀಟು ಆಗ್ಲೇ ಸಿಕ್ಕಿದೆ, ಅದನ್ನ ಯಾರೂ ಕಿತ್ಕೊಳಲ್ಲ. ಯಾವ ಕ್ಲಾಸಲ್ಲಿ ಕೂತ್ರೆ ನಿಮಗೆ ಉಪಯೋಗ ಆಗತ್ತೆ ಅಂತ ತಿಳ್ಕೊಳೋಕೆ ಇರೋ ಟೆಸ್ಟು ಇದು, ಅಷ್ಟೇ. ಅಂಗಿ ಹೊಲಿಸೋಕೆ ಅಳತೆ ಕೊಡುವಾಗ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳ್ಕೊಂಡ್ರೆ ಆಮೇಲೆ ಆ ಅಂಗಿ ಹಾಕ್ಕೋಬೇಕಾದೋರು ನಾವೇ ತಾನೆ.

ಆದ್ರೂ ಮಕ್ಕಳಿಗೆ ಬೇಜಾರಾಗತ್ತೆ, ಅರ್ಥ ಆಗತ್ತೆ ನನಗೆ. ಐಇಎಲ್‌ಟಿಎಸ್ಸೋ ಟೋಫೆಲ್ಲೋ, ಅಂಥ ಇಂಗ್ಲಿಷ್ ಪರೀಕ್ಷೆ ಬರ್ದು, ಫೀಸ್ ಕಟ್ಟಿ, ತಿಂಗಳುಗಟ್ಟಲೆ ತಯಾರಿ ಮಾಡಿ ಬಂದಿರ್ತಾರೆ, ಮತ್ತೆ ಇನ್ನೊಂದು ಟೆಸ್ಟ್ ಯಾಕೆ ಅಂತ. ಯಾಕೆ ಅಂದ್ರೆ ಆ ಸ್ಕೋರು ಒಳಗೆ ಬರೋಕೆ, ಬಂದ್ಮೇಲೆ ಏನು ಮಾಡ್ಬೇಕು ಅಂತ ಅದು ಹೇಳಲ್ಲ. ಒಂದು ಲೆಕ್ಕ ನೋಡಿ. ಐಇಎಲ್‌ಟಿಎಸ್‌ನಲ್ಲಿ ನಾಲ್ಕು ಭಾಗದ ಸರಾಸರಿನೇ ಒಟ್ಟು ಬ್ಯಾಂಡು, ಅಂದ್ರೆ ಸ್ಕೋರು. ಒಬ್ಬರಿಗೆ ಓದೋದ್ರಲ್ಲಿ 7.5, ಕೇಳೋದ್ರಲ್ಲಿ 7, ಮಾತಾಡೋದ್ರಲ್ಲಿ 6, ಬರೆಯೋದ್ರಲ್ಲಿ 5.5 ಬಂತು ಅಂದ್ಕೊಳ್ಳಿ, ಒಟ್ಟು 6.5. ಇನ್ನೊಬ್ಬರಿಗೆ ನಾಲ್ಕರಲ್ಲೂ 6.5, ಅವರದ್ದೂ ಒಟ್ಟು 6.5. ಒಟ್ಟು ಸ್ಕೋರು ನೋಡಿದ್ರೆ ಇಬ್ಬರೂ ಒಂದೇ. ಆದ್ರೆ ಮೊದಲನೆಯವರಿಗೆ ಬರವಣಿಗೆ ಕ್ಲಾಸ್ ತುರ್ತಾಗಿ ಬೇಕು, ಓದೋ ಕ್ಲಾಸಲ್ಲಿ ಕೂರ್ಸಿದ್ರೆ ಟೈಮ್ ವೇಸ್ಟ್. ಅದಲ್ದೆ ಆ ರಿಸಲ್ಟಿಗೆ ಎರಡು ವರ್ಷ ಬೆಲೆ ಇರತ್ತೆ, ಬರ್ದು ಒಂದೂವರೆ ವರ್ಷ ಇಂಗ್ಲಿಷ್ ಮುಟ್ಟದೇ ಬಂದೋರೂ ಇರ್ತಾರೆ.

ಟೆಸ್ಟ್‌ನಲ್ಲಿ ಏನಿರತ್ತೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಶಬ್ದಗಳ ಪಟ್ಟಿ ಕೊಟ್ಟು ಗೊತ್ತಿರೋದಕ್ಕೆ ಟಿಕ್ ಹಾಕಿ ಅಂತಾರೆ, ಮಧ್ಯ ಮಧ್ಯ ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲದ, ಕೇಳೋಕೆ ಮಾತ್ರ ಇಂಗ್ಲಿಷ್ ಥರ ಇರೋ ಶಬ್ದ ಸೇರ್ಸಿರ್ತಾರೆ. ಎಲ್ಲಾನೂ ಗೊತ್ತು ಅಂತ ಟಿಕ್ ಹಾಕ್ಕೊಂಡು ಹೋದ್ರೆ ಅಲ್ಲೇ ಸಿಕ್ಕಿಹಾಕ್ಕೋತೀರ, ಸ್ಕೋರು ಇಳಿಯತ್ತೆ. ಇನ್ನೊಂದು ಸಿ-ಟೆಸ್ಟ್ ಅಂತ, 1981ರಲ್ಲಿ ರಾಟ್ಜ್ ಮತ್ತೆ ಕ್ಲೈನ್-ಬ್ರೇಲಿ ಅನ್ನೋರು ಮುಂದಿಟ್ಟಿದ್ದು. ಒಂದು ಚಿಕ್ಕ ಪ್ಯಾರಾದಲ್ಲಿ ಒಂದು ಬಿಟ್ಟು ಒಂದು ಶಬ್ದದ ಕೊನೆಯ ಅರ್ಧ ಕತ್ತರಿಸಿ ಇಟ್ಟಿರ್ತಾರೆ, ನಾವು ತುಂಬ್ಬೇಕು. ಕನ್ನಡದಲ್ಲೇ ತೋರಿಸ್ತೀನಿ: "ನಿನ್ನೆ ಸಂ__ ಜೋರಾಗಿ ಮ__ ಬಂತು, ಛ__ ಇರಲಿಲ್ಲ." ನೀವು ಯೋಚನೆನೂ ಮಾಡ್ದೆ ತುಂಬಿದ್ರಿ ಅಲ್ವಾ? ಯಾಕಂದ್ರೆ ವ್ಯಾಕರಣ, ಶಬ್ದ, ಹಿಂದೆ ಮುಂದೆ ಇರೋ ಅರ್ಥ ಎಲ್ಲ ಒಟ್ಟಿಗೇ ತಲೆಯಲ್ಲಿ ಓಡತ್ತೆ. ಕನ್ನಡ ಈಗಷ್ಟೇ ಕಲೀತಿರೋರಿಗೆ ಅದೇ ಜಾಗ ಬೆಟ್ಟ. ಇಂಥದಕ್ಕೆ ಉರು ಹೊಡೆಯೋಕೆ ಆಗಲ್ಲ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ಆದ್ರೆ ಪ್ರಬಂಧಕ್ಕೆ ಉರು ಹೊಡೀಬಹುದು, ತೊಂದರೆ ಇರೋದೇ ಅಲ್ಲಿ. ಮೂವತ್ತು ನಿಮಿಷ, ಒಂದು ವಿಷಯ. ಇಬ್ಬರು ಬೇರೆ ಬೇರೆ ಓದಿ ಮಾರ್ಕ್ಸ್ ಹಾಕ್ತೀವಿ, ಇಬ್ಬರದ್ದೂ ತುಂಬಾ ದೂರ ಇದ್ರೆ ಮೂರನೆಯವರ ಹತ್ರ ಹೋಗತ್ತೆ.

ಕೆಲವು ವರ್ಷದ ಹಿಂದೆ ಒಂದೇ ಬೆಳಗ್ಗೆ ಓದಿದ ಎರಡು ಪ್ರಬಂಧ ನನಗೆ ಇವತ್ತಿಗೂ ಕಣ್ಣ ಮುಂದೆ ಇವೆ. ವಿಷಯ, ಗ್ರೂಪ್ ಪ್ರಾಜೆಕ್ಟಲ್ಲಿ ಎಲ್ಲರಿಗೂ ಒಂದೇ ಮಾರ್ಕ್ಸ್ ಕೊಡೋದು ಸರಿನಾ ಅಂತ. ಒಬ್ಬ ಹುಡುಗ ಎರಡು ಪುಟ ತುಂಬಿಸಿದ್ದ, ಒಂದೂ ಕಾಟು ಇಲ್ಲ, 'ಫರ್ದರ್‌ಮೋರ್', 'ಆನ್ ದಿ ಅದರ್ ಹ್ಯಾಂಡ್', ಎಲ್ಲ ಅದರದರ ಜಾಗದಲ್ಲಿ. ಈಗ ಆ ಹಾಳೆ ನೆನೆಸ್ಕೊಂಡ್ರೆ ಗೊತ್ತಾಗತ್ತೆ, ಮೊದಲನೇ ಪ್ಯಾರಾ ಪೂರ್ತಿ ಇದ್ದಿದ್ದು ಟೆಕ್ನಾಲಜಿ ಬಗ್ಗೆ, ಎಲ್ಲಿಂದಲೋ ಎತ್ಕೊಂಡು ಬಂದು ಇದಕ್ಕೆ ತಿರುಗಿಸಿದ್ದ. ಇನ್ನೊಂದು ಹುಡುಗಿದು ಒಂದೂವರೆ ಪ್ಯಾರಾ, ಅರ್ಧ ಹೊಡೆದು ಹಾಕಿದ್ದು, 'ಎ' ಮತ್ತೆ 'ದಿ' ಎಲ್ಲೂ ಇಲ್ಲ, ಕ್ರಿಯಾಪದದ ಕೊನೆಯ ಎಸ್ ಇಲ್ಲ. ಆದ್ರೆ ಒಬ್ಬರು ಮಲಗಿ ಇನ್ನೊಬ್ಬರು ದುಡಿದ್ರೆ ಒಂದೇ ಮಾರ್ಕ್ಸ್ ಅನ್ನೋದು ಸುಳ್ಳು, ಆದ್ರೆ ಯಾರು ಮಲಗಿದ್ರು ಅಂತ ಮೇಷ್ಟ್ರಿಗೆ ಹೇಗೆ ಗೊತ್ತಾಗ್ಬೇಕು, ಅನ್ನೋ ಅರ್ಥದ ಎರಡು ವಾಕ್ಯ ಅವಳದ್ದೇ ಇದ್ವು. ತನ್ನ ವಾದಕ್ಕೆ ತಾನೇ ಅಡ್ಡಪ್ರಶ್ನೆ ಹಾಕ್ಕೊಂಡಿದ್ಲು, ಯೂನಿವರ್ಸಿಟಿ ಬರವಣಿಗೆಗೆ ಬೇಕಾಗಿರೋದೇ ಅದು. ನಾನು ಅವನಿಗೆ ಕ್ಲಾಸ್ ಬೇಡ ಅಂತ ಬರೆದೆ, ಅವಳನ್ನ ಎಲ್ಲಕ್ಕಿಂತ ಕೆಳಗಿನ ಲೆವೆಲ್ಲಿಗೆ ಹಾಕಿದೆ. ಇನ್ನೊಬ್ಬರೂ ಅಷ್ಟೇ ಹಾಕಿದ್ರು, ಮೂರನೆಯವರ ಹತ್ರ ಹೋಗಲೇ ಇಲ್ಲ.

ತಪ್ಪು ನನ್ನದು. 'ಎ', 'ದಿ' ನಮ್ಮ ಕನ್ನಡದಲ್ಲೂ ಇಲ್ಲ, ರಷ್ಯನ್, ಚೈನೀಸ್, ಜಪಾನೀಸ್, ಕೊರಿಯನ್‌ನಲ್ಲೂ ಇಲ್ಲ. ಆ ತಪ್ಪು ಎಷ್ಟು ಚೆನ್ನಾಗಿ ಬರೆಯೋರಲ್ಲೂ ಕೊನೇವರೆಗೂ ಉಳ್ಕೊಳತ್ತೆ, ಓದುವಾಗ ಮೊದಲು ಕಣ್ಣಿಗೆ ಹೊಡೆಯೋದೂ ಅದೇ. ಅರ್ಥಕ್ಕೆ ಅದರಿಂದ ಆಗೋ ನಷ್ಟ ಬಹಳ ಕಮ್ಮಿ. ನಾನು ಕಣ್ಣಿಗೆ ಕಂಡಿದ್ದನ್ನ ಎಣಿಸಿದೆ, ಅವಳು ಹೇಳಿದ್ದನ್ನ ಕೇಳಿಸ್ಕೊಳಲಿಲ್ಲ.

ಆರನೇ ವಾರ ಆ ಹುಡುಗ ಬಂದ, ಕೈಯಲ್ಲಿ ಲ್ಯಾಬ್ ರಿಪೋರ್ಟ್. ಮಾತಾಡೋಕೆ ಏನೂ ತೊಂದರೆ ಇಲ್ಲ ಅವನಿಗೆ, ಪಟಪಟ ಅಂತ ಮಾತಾಡ್ತಾನೆ. ಜಿಮ್ ಕಮಿನ್ಸ್ ಅನ್ನೋ ಸಂಶೋಧಕರು ವಲಸೆ ಬಂದ ಶಾಲೆ ಮಕ್ಕಳನ್ನ ನೋಡಿ ಹೇಳಿದ್ದು ಇದನ್ನೇ, ಆಡುಮಾತು ಎರಡು ವರ್ಷದಲ್ಲಿ ಬರತ್ತೆ, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಅಂತ. ರಿಪೋರ್ಟಲ್ಲಿ ರಿಸಲ್ಟ್ಸ್ ಅನ್ನೋ ತಲೆಬರಹದ ಕೆಳಗೆ ಮೂರು ಸಾಲು ಇತ್ತು, ಮೂರೂ ಮ್ಯಾನುಯಲ್‌ನಿಂದ ಹಾಗೇ ಇಳಿಸಿದ್ದು. "ಏನು ಬರೀಬೇಕು ಅಂತ ಗೊತ್ತಿದೆ ಮೇಡಂ, ಹೇಗೆ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ" ಅಂದ. ಅವನಿಗೆ ಬೇಕಿದ್ದ ಕ್ಲಾಸಲ್ಲಿ ಅಷ್ಟೊತ್ತಿಗೆ ಜಾಗ ಇರ್ಲಿಲ್ಲ.

ಆ ಹುಡುಗಿ ಬರಲೇ ಇಲ್ಲ, ನಾನೇ ಹುಡುಕ್ಕೊಂಡು ಹೋದೆ. ವಾರಕ್ಕೆ ಆರು ಗಂಟೆ ಅವಳಿಗೆ ಗೊತ್ತಿರೋದನ್ನೇ ಕೂತು ಕೇಳ್ತಿದ್ಲು. ಲೆವೆಲ್ ಬದಲಾಯಿಸಿ ಅಂತ ಕೇಳೋಕೆ ಯಾಕೆ ಬರ್ಲಿಲ್ಲ ಅಂದ್ರೆ, ಟೆಸ್ಟಲ್ಲಿ ಹಾಗೆ ಬಂದಿದೆ ಅಂದ್ಮೇಲೆ ನಾನು ಅಷ್ಟೇ ಇರ್ಬೇಕು ಅಂದ್ಕೊಂಡೆ, ಅಂದ್ಲು. ಈ ಮಾತು ನನಗೆ ತುಂಬಾ ನೋವು ಕೊಡ್ತು.

ಕಟ್ ಆಫ್ ಬಗ್ಗೆನೂ ಹೇಳ್ಬೇಕು. 48ಕ್ಕೆ ಗೆರೆ ಎಳೆದಿದ್ರೆ 47 ಬಂದವರು ಆ ಕಡೆ, 48 ಬಂದವರು ಈ ಕಡೆ. ಅದೇ ವ್ಯಕ್ತಿ ನಾಳೆ ಇನ್ನೊಂದು ಸಲ ಬರೆದ್ರೆ ಎರಡು ಮೂರು ಮಾರ್ಕ್ಸ್ ಹೆಚ್ಚು ಕಮ್ಮಿ ಆಗ್ಬಹುದು, ಯಾವ ಟೆಸ್ಟೂ ಅಷ್ಟು ಕರಾರುವಾಕ್ಕಾಗಿ ಅಳೆಯಲ್ಲ. ಗೆರೆ ಹತ್ತಿರ ಇರೋರನ್ನ ಕರೆದು ಹತ್ತು ನಿಮಿಷ ಮಾತಾಡ್ಸಿ ಅಂತ ನಾನು ಪ್ರತಿ ಮೀಟಿಂಗಲ್ಲೂ ಹೇಳ್ತೀನಿ.

ಅವಮಾನದ ಮಾತೂ ಇದೆ. ಟೆಸ್ಟಿಗೆ ಕರೆದ್ರೆ ತಮ್ಮನ್ನ ಬೇರೆ ಸಾಲಲ್ಲಿ ನಿಲ್ಲಿಸಿದ್ರು ಅನ್ಸತ್ತೆ ಮಕ್ಕಳಿಗೆ. ನ್ಯೂಜಿಲೆಂಡಿನ ಆಕ್ಲೆಂಡ್ ಯೂನಿವರ್ಸಿಟಿ ಡೆಲ್ನಾ ಅಂತ ಒಂದು ಟೆಸ್ಟ್ ಮಾಡ್ತು, ಮನೆಮಾತು ಇಂಗ್ಲಿಷ್ ಆಗಿರ್ಲಿ ಬಿಡ್ಲಿ ಮೊದಲ ವರ್ಷದವರೆಲ್ಲ ಬರೀಬೇಕಿತ್ತು. ಮೊದಲು ಶಬ್ದ ಮತ್ತೆ ವೇಗದ ಓದಿನ ಚಿಕ್ಕ ಟೆಸ್ಟು, ಅದರಲ್ಲಿ ಕಷ್ಟ ಆದೋರಿಗೆ ಮಾತ್ರ ಉದ್ದದ್ದು. ಪಾಠದ ಇಂಗ್ಲಿಷ್ ಯಾರಿಗೂ ಮನೆಮಾತಲ್ಲ, ಹಾಗಾಗಿ ನನಗೆ ಈ ದಾರಿ ತುಂಬಾ ಸರಿ ಅನ್ಸತ್ತೆ.

ಈಗ ನಮ್ಮಲ್ಲಿ ಮೊದಲ ವಾರ ಕ್ಲಾಸಲ್ಲೇ ಇನ್ನೊಂದು ಸಲ ಇಪ್ಪತ್ತು ನಿಮಿಷ ಬರೆಸ್ತೀವಿ, ಲೆವೆಲ್ ತಪ್ಪಿದ್ರೆ ಅಲ್ಲೇ ಬದಲಾಯಿಸ್ತೀವಿ. ಟೆಸ್ಟ್ ಇರೋರು ಮಾದರಿ ಪೇಪರ್ ಒಂದು ನೋಡ್ಕೊಳ್ಳಿ, ಹಿಂದಿನ ರಾತ್ರಿ ನಿದ್ದೆ ಮಾಡಿ, ನಿಮಗನಿಸಿದ್ದನ್ನ ನಿಮ್ಮ ವಾಕ್ಯದಲ್ಲೇ ಬರೀರಿ, ಕಾಟು ಬಿದ್ರೆ ಬೀಳ್ಲಿ. ಕ್ಲಾಸ್ ತೀರಾ ಸುಲಭ ಅಥವಾ ತೀರಾ ಕಷ್ಟ ಅನಿಸಿದ್ರೆ ಮೊದಲ ವಾರದಲ್ಲೇ ಮೇಷ್ಟ್ರಿಗೆ ಹೇಳಿ, ಮೂರನೇ ವಾರಕ್ಕೆ ಟೈಮ್‌ಟೇಬಲ್ ಗಟ್ಟಿ ಆಗ್ಬಿಟ್ಟಿರತ್ತೆ.