ಅಮೆರಿಕದ ‘ಸ್ವಂತ ಬಲ’ದ ಕತೆಯಲ್ಲಿ ಸರ್ಕಾರ ಎಲ್ಲಿ ಹೋಯಿತು?

ಅಮೆರಿಕದವರಿಗೆ ತಮ್ಮ ಬಗ್ಗೆ ಹೇಳಿಕೊಳ್ಳಲು ಒಂದು ಇಷ್ಟದ ಕತೆ ಇದೆ. ಒಬ್ಬ ಮನುಷ್ಯ, ಒಂದು ಗಾಡಿ, ಒಂದು ಬಂದೂಕು, ಎದುರಿಗೆ ಯಾರೂ ಇಲ್ಲದ ಬಯಲು. ಹೋದ, ಉತ್ತ, ಬೆಳೆದ, ಗೆದ್ದ. ಯಾರ ಹಂಗೂ ಇಲ್ಲ. ಈಗಲೂ ಅಲ್ಲಿ ಚುನಾವಣೆ ಬಂತೆಂದರೆ, ಹುಟ್ಟಿ ಬೆಳೆದದ್ದೆಲ್ಲ ಪೂರ್ವದ ದೊಡ್ಡ ಊರಲ್ಲೇ ಆದರೂ ಕೌಬಾಯ್ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಇದ್ದೇ ಇರುತ್ತಾರೆ.

ಈ ಕತೆಗೆ ಇತಿಹಾಸದ ಮೊಹರು ಬಿದ್ದದ್ದು 1893ರಲ್ಲಿ, ಶಿಕಾಗೋದಲ್ಲಿ. ಹೌದು, ವಿವೇಕಾನಂದರು ಸೆಪ್ಟೆಂಬರಿನಲ್ಲಿ ಮಾತಾಡಿದರಲ್ಲ, ಅದೇ ವಿಶ್ವಮೇಳದ ವರ್ಷ. ಅದಕ್ಕೆ ಎರಡು ತಿಂಗಳು ಮೊದಲು, ಜುಲೈ 12ರಂದು, ಇತಿಹಾಸಕಾರರ ಸಭೆಯಲ್ಲಿ ವಿಸ್ಕಾನ್ಸಿನ್‌ನ 31 ವರ್ಷದ ಮೇಷ್ಟ್ರು ಫ್ರೆಡರಿಕ್ ಜಾಕ್ಸನ್ ಟರ್ನರ್ ಒಂದು ಪ್ರಬಂಧ ಓದಿದರು. ನಮ್ಮನ್ನು ಅಮೆರಿಕನ್ನರನ್ನಾಗಿ ಮಾಡಿದ್ದು ಯುರೋಪಿನಿಂದ ತಂದ ಪದ್ಧತಿಗಳಲ್ಲ, ವರ್ಷದಿಂದ ವರ್ಷಕ್ಕೆ ಪಶ್ಚಿಮಕ್ಕೆ ಸರಿಯುತ್ತಾ ಹೋದ ಫ್ರಾಂಟಿಯರ್ ಎಂದರು. ಬಿಳಿಯರ ಊರುಗಳು ಮುಗಿದು ಬಯಲು ಶುರುವಾಗುವ ಆ ಅಂಚಿಗೆ ಹೋದವರು ಎಲ್ಲವನ್ನೂ ಮೊದಲಿಂದ ಕಟ್ಟಬೇಕಾಯಿತು, ಅಲ್ಲಿ ಅಪ್ಪನ ಹೆಸರು, ಮನೆತನ ಯಾವುದೂ ಕೆಲಸಕ್ಕೆ ಬರಲಿಲ್ಲ, ಹಾಗಾಗಿ ಸಮಾನತೆ, ಒಂಟಿ ಹಟ, ಮೇಲಿನ ಅಧಿಕಾರ ಕಂಡರೆ ಆಗದಿರುವುದು, ಇದೆಲ್ಲ ಆ ನೆಲದಲ್ಲೇ ಹುಟ್ಟಿತು ಅಂತ ಅವರ ವಾದ. 1890ರ ಜನಗಣತಿಯ ವರದಿ, ಹೀಗೊಂದು ಗೆರೆ ಎಳೆದು ತೋರಿಸುವಷ್ಟು ಖಾಲಿ ಜಾಗ ಇನ್ನು ಉಳಿದಿಲ್ಲ ಎಂದಿತ್ತು. ಅಂದರೆ ಫ್ರಾಂಟಿಯರ್ ಮುಗಿದ ಮೇಲೆ ಅದರ ಗುಣಗಾನ ಶುರುವಾಯಿತು.

ಟರ್ನರ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ ನೋಡಿ. 21 ವರ್ಷ ತುಂಬಿದವರು ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಸಣ್ಣ ಶುಲ್ಕಕ್ಕೆ 160 ಎಕರೆ ಸಿಗುತ್ತಿತ್ತು. ಮದುವೆಯಾಗದ ಹೆಣ್ಣುಮಗಳೂ ಹಾಕಬಹುದಿತ್ತು. ಪೌರನಾಗುತ್ತೇನೆ ಎಂದು ಬರೆದುಕೊಟ್ಟ ವಲಸಿಗನೂ ಹಾಕಬಹುದಿತ್ತು. 160 ಎಕರೆ! ನಮ್ಮಲ್ಲಿ ನಾಲ್ಕು ಗುಂಟೆಗೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ನಾರ್ವೆಯಲ್ಲೋ ಜರ್ಮನಿಯಲ್ಲೋ ಇನ್ನೊಬ್ಬರ ಹೊಲದಲ್ಲಿ ಗೇಯುತ್ತಿದ್ದವನಿಗೆ ನೆಬ್ರಾಸ್ಕಾದಲ್ಲಿ ಇಷ್ಟು ಜಮೀನು ಸಿಕ್ಕರೆ, ಅವನ ಮಕ್ಕಳು ಯಾರಿಗೂ ತಲೆಬಾಗದವರಾಗಿ ಬೆಳೆಯುವುದು ಸಹಜವೇ. ಅದೇ ಪಶ್ಚಿಮದ ವಯೋಮಿಂಗ್ 1869ರಲ್ಲೇ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಇಡೀ ದೇಶಕ್ಕೆ ಅದು ಬರಲು 1920 ಆಗಬೇಕಾಯಿತು.

ಆದರೆ ಆ 160 ಎಕರೆ ಕೊಟ್ಟವರು ಯಾರು ಸ್ವಾಮಿ?

ವಿಮಾನದಲ್ಲಿ ಕ್ಯಾನ್ಸಸ್ ಮೇಲೆ ಹೋಗುವಾಗ ಕೆಳಗೆ ನೋಡಿದರೆ ಚೆಸ್ ಬೋರ್ಡ್ ಹಾಸಿದ ಹಾಗೆ ಕಾಣುತ್ತದೆ. ಅದು ರೈತರು ಮಾಡಿಕೊಂಡ ಏರ್ಪಾಡಲ್ಲ. 1785ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಿದ ಕಾನೂನು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್, ಅದರೊಳಗೆ 36 ತುಂಡು, ಒಂದೊಂದು ತುಂಡು 640 ಎಕರೆ. ಅದರ ಕಾಲು ಭಾಗವೇ ಆ 160. 16ನೇ ತುಂಡು ಶಾಲೆಗೆ ಮೀಸಲು. ಗುಡ್ಡ ಬರಲಿ, ಹಳ್ಳ ಬರಲಿ, ಸರ್ವೆಯವರು 66 ಅಡಿಯ ಸರಪಳಿ ಎಳೆಯುತ್ತಾ ನಡೆದರು. ಆ ಸರಪಳಿಯ ಒಂದು ಚದರ ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ನಾಲ್ಕು ಗುಂಟೆ. ಎರಡೂ ಕಡೆ ಇಂಗ್ಲಿಷರ ಅಳತೆಯೇ ನಡೆದಿದ್ದು, ಅದಕ್ಕೆ. ಅಂತೂ ‘ಒಂಟಿ’ ಮನುಷ್ಯ ತನ್ನ ಗಾಡಿ ತಂದು ನಿಲ್ಲಿಸುವ ಹೊತ್ತಿಗೆ ಬಹಳ ಕಡೆ ಅವನ ಜಮೀನಿಗೆ ಸರ್ವೆ ಆಗಿ, ನಂಬರ್ ಬಿದ್ದಿತ್ತು. ಹೋಮ್‌ಸ್ಟೆಡ್‌ನಲ್ಲಿ ಒಟ್ಟು ಹಂಚಿದ್ದು ಸುಮಾರು 27 ಕೋಟಿ ಎಕರೆ. ರೈಲು ಕಂಪನಿಗಳಿಗೆ ಕೇಂದ್ರ ಸರ್ಕಾರ ಕೊಟ್ಟಿದ್ದು ಇನ್ನೊಂದು 13 ಕೋಟಿ ಎಕರೆಯಷ್ಟು.

ಅದೇ 1862ರಲ್ಲಿ ಇನ್ನೊಂದು ಕಾಯ್ದೆ ಬಂತು, ಮಾರಿಲ್ ಕಾಯ್ದೆ. ಸರ್ಕಾರಿ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಮಾರಿದ ದುಡ್ಡಿನಲ್ಲಿ ಕೃಷಿ, ಎಂಜಿನಿಯರಿಂಗ್ ಕಾಲೇಜು ಕಟ್ಟಿಸಿ ಅಂದರು. ಪರ್ಡ್ಯೂ, ಟೆಕ್ಸಸ್ ಎ ಅಂಡ್ ಎಂ, ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ ಎಲ್ಲ ಈ ಸಾಲಿನವು. ಬೆಂಗಳೂರಿನಿಂದ ಎಂಎಸ್ ಮಾಡಲು ಹೋಗಿ ಅಲ್ಲೇ ನೆಲೆಸಿದ ನಮ್ಮವರೂ ‘ಇಲ್ಲಿ ಎಲ್ಲ ಸ್ವಂತ ದುಡಿಮೆ ಮೇಲೆ ನಡೆಯೋದು’ ಅಂತ ಭಾಷಣ ಮಾಡುವಾಗ ನನಗೆ ಸುಮ್ನೆ ನಗು ಬರುತ್ತದೆ.

ಹಾಗೆ ಹಂಚಿದ ಭೂಮಿ ಖಾಲಿ ಇರಲೂ ಇಲ್ಲ. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದ ಕಾನೂನಿನಿಂದ ಆಗ್ನೇಯದ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಿದರು. ಅವರಲ್ಲಿ ಚೆರೋಕಿ ಪಂಗಡದವರನ್ನು 1838–39ರಲ್ಲಿ ಸೈನ್ಯ ಇಟ್ಟು ಹೊರಡಿಸಿದರು, ದಾರಿಯಲ್ಲಿ ಮತ್ತು ಶಿಬಿರಗಳಲ್ಲಿ ಸುಮಾರು 4,000 ಜನ ಸತ್ತರೆಂದು ಅಂದಾಜು. ಅವರನ್ನೆಲ್ಲ ಕಳಿಸಿದ ಜಾಗ ಇವತ್ತಿನ ಓಕ್ಲಹೋಮಾ. ಅದಾದರೂ ಅವರಿಗೆ ಉಳಿಯಿತಾ? 1889ರ ಏಪ್ರಿಲ್ 22ರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಸುಮಾರು 20 ಲಕ್ಷ ಎಕರೆಯನ್ನು ಬಿಳಿಯರಿಗೆ ತೆರೆದರು. ಹತ್ತಿರ ಹತ್ತಿರ 50,000 ಜನ ಗೆರೆಯ ಮೇಲೆ ನಿಂತು, ಸಂಕೇತ ಕೊಟ್ಟ ಕೂಡಲೇ ಕುದುರೆ, ಗಾಡಿ, ರೈಲು ಸಿಕ್ಕಿದ್ದರಲ್ಲಿ ನುಗ್ಗಿದರು. ಸಂಜೆಯೊಳಗೆ ಗತ್ರಿ, ಓಕ್ಲಹೋಮಾ ಸಿಟಿ ಎಂಬ ಊರುಗಳೇ ಎದ್ದವು, ಡೇರೆಗಳಲ್ಲಿ. ಹೊತ್ತಿಗೆ ಮೊದಲೇ ಕದ್ದು ಒಳನುಗ್ಗಿ ಒಳ್ಳೆ ಜಾಗ ಹಿಡಿದು ಕೂತವರನ್ನು ‘ಸೂನರ್’ ಎಂದು ಬೈಯುತ್ತಿದ್ದರು. ಇವತ್ತು ಓಕ್ಲಹೋಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೆಸರೇ ಸೂನರ್ಸ್. ಮೋಸ ಮಾಡಿದವರ ಹೆಸರಲ್ಲಿ ಜೈಕಾರ!

ಇನ್ನು ಕೌಬಾಯ್. ಅವನು ಸಂಬಳಕ್ಕೆ ದನ ಅಟ್ಟುತ್ತಿದ್ದ ಆಳು. ಅವರಲ್ಲಿ ಕರಿಯರು, ಮೆಕ್ಸಿಕನ್ನರು ಬಹಳ ಜನ. ಹಗ್ಗ ಬೀಸುವುದರಿಂದ ಹಿಡಿದು ಆ ಕಸುಬೇ ಮೆಕ್ಸಿಕೋದ ದನಗಾಹಿಗಳಿಂದ ಬಂದದ್ದು. 1883ರಲ್ಲಿ ಟೆಕ್ಸಸ್‌ನಲ್ಲಿ ಕೌಬಾಯ್‌ಗಳು ಸಂಬಳ ಹೆಚ್ಚಿಸಿ ಅಂತ ಮುಷ್ಕರವನ್ನೂ ಮಾಡಿದ್ದರು. ಬಂದೂಕಿನ ಕತೆಯೂ ಹೀಗೇ. ಅರಿಝೋನಾದ ಟೂಮ್‌ಸ್ಟೋನ್‌ನಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಪ್ರಸಿದ್ಧ ಗುಂಡಿನ ಕಾಳಗದ ಮೂಲ ಏನು ಗೊತ್ತಾ? ಊರೊಳಗೆ ಆಯುಧ ಇಟ್ಟುಕೊಂಡು ಓಡಾಡಬಾರದು ಅಂತ ಊರಿನದೇ ಕಾನೂನಿತ್ತು, ಅದನ್ನು ಜಾರಿ ಮಾಡಲು ಪೊಲೀಸ್ ಮುಖ್ಯಸ್ಥ ಹೋಗಿದ್ದ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು, ಕುದುರೆ, ಬಂದೂಕಿನ ಆಟ ಕಟ್ಟಿ ಆಡಿಸುತ್ತಿದ್ದ ಬಫಲೋ ಬಿಲ್ ತೋರಿಸಿದ ಚಿತ್ರ. 1883ರಿಂದ ಅವನ ಪ್ರದರ್ಶನದ ತಂಡ ಊರೂರು ಸುತ್ತಿತು, ಲಕೋಟಾ ಎಂಬ ಮೂಲನಿವಾಸಿ ಪಂಗಡದ ನಾಯಕ ಸಿಟಿಂಗ್ ಬುಲ್ ಕೂಡ 1885ರಲ್ಲಿ ಕೆಲವು ತಿಂಗಳು ಅದರಲ್ಲಿ ಇದ್ದ. ಟರ್ನರ್ ಪ್ರಬಂಧ ಓದುತ್ತಿದ್ದ ಆ ಬೇಸಿಗೆಯಲ್ಲಿ ಮೇಳದ ಗೇಟಿನ ಹೊರಗೇ ಬಫಲೋ ಬಿಲ್‌ನ ಆಟ ನಡೆಯುತ್ತಿತ್ತು. ಯಾವುದಕ್ಕೆ ಜನ ಜಾಸ್ತಿ ಸೇರಿದ್ದರು ಅಂತ ಬೇರೆ ಹೇಳಬೇಕಾ?

ನನಗೆ ಎಲ್ಲಕ್ಕಿಂತ ಬೇಜಾರಾಗುವುದು ನೀರಿನ ವಿಷಯ. 160 ಎಕರೆ ಎಂಬುದು ಮಳೆ ಬೀಳುವ ಪೂರ್ವದ ಲೆಕ್ಕ. ದೇಶದ ಮಧ್ಯ ದಾಟಿದರೆ ವರ್ಷಕ್ಕೆ 20 ಇಂಚು ಮಳೆಯೂ ಗ್ಯಾರಂಟಿ ಇಲ್ಲ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಇದನ್ನು ವರದಿ ಮಾಡಿ, ಒಣ ಪ್ರದೇಶದಲ್ಲಿ ದನ ಸಾಕಿ ಬದುಕುವ ಸಂಸಾರಕ್ಕೆ 2,560 ಎಕರೆ ಬೇಕು, ನೀರನ್ನು ಊರವರು ಸೇರಿ ಹಂಚಿಕೊಳ್ಳಬೇಕು ಎಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೇಗಿಲು ಹೂಡಿದರೆ ಮಳೆ ತಾನಾಗೇ ಬರುತ್ತದೆ ಅಂತ ನಂಬಿಸಿ ಜಮೀನು ತುಂಬಿಸಿದರು. ಬರ ಬಂತು, ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿದವು. ಕೊನೆಗೆ 1902ರಲ್ಲಿ ಕಾನೂನು ಮಾಡಿ ಅಣೆಕಟ್ಟು, ಕಾಲುವೆ ಕಟ್ಟಲು ಬಂದದ್ದು ಮತ್ತೆ ಆ ಕೇಂದ್ರ ಸರ್ಕಾರವೇ. ಸರ್ಕಾರವೆಂದರೆ ಮೂಗು ಮುರಿಯುವ ನೆವಾಡಾದಲ್ಲಿ ಇವತ್ತಿಗೂ ಸುಮಾರು 80% ನೆಲ ಕೇಂದ್ರದ್ದು.

2014ರಲ್ಲಿ ಅಲ್ಲೇ ಒಂದು ಗಲಾಟೆ ಆಯಿತು. ಒಬ್ಬ ದನದ ಮಾಲೀಕ ಇಪ್ಪತ್ತು ವರ್ಷದಿಂದ ಸರ್ಕಾರಿ ಭೂಮಿಯಲ್ಲಿ ಮೇಯಿಸಿ ಶುಲ್ಕ ಕಟ್ಟಿರಲಿಲ್ಲ, ಬಾಕಿ ಹತ್ತು ಲಕ್ಷ ಡಾಲರ್ ದಾಟಿತ್ತು. ಅಧಿಕಾರಿಗಳು ದನ ಹಿಡಿಯಲು ಹೋದರೆ ಕುದುರೆ, ಟೋಪಿ, ಬಾವುಟ, ರೈಫಲ್ ಎಲ್ಲ ಹಿಡಿದು ನೂರಾರು ಜನ ಸ್ವಾತಂತ್ರ್ಯದ ಹೆಸರಲ್ಲಿ ಅಡ್ಡ ನಿಂತರು. ರಕ್ತ ಹರಿಯುವುದು ಬೇಡ ಅಂತ ಹಿಡಿದ ದನ ಬಿಟ್ಟು ಕಳಿಸಿದರು. ಆ ವರ್ಷ ಒಂದು ಹಸು, ಅದರ ಕರು ಸೇರಿಸಿ ಸರ್ಕಾರ ಕೇಳುತ್ತಿದ್ದ ಮೇವಿನ ಶುಲ್ಕ ತಿಂಗಳಿಗೆ 1 ಡಾಲರ್ 35 ಸೆಂಟ್.