ಸಂಪು, ಟ್ಯಾಂಕು ಮತ್ತು 90 ಜಿಬಿ

ಜೂನ್ 15, 2025, ಭಾನುವಾರ
ಮೈಸೂರು

ಇವತ್ತಿನ ರಜೆ ಪೂರ್ತಿ ಫೈಲ್ ಕಾಪಿ ಮಾಡೋದರಲ್ಲೇ ಹೋಯಿತು.

ಮಹಡಿ ಮೇಲಿನ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಲು ಅಪ್ಪ ಕೊನೆಗೂ ಒಪ್ಪಿದ್ದರು. ಅದರಲ್ಲಿರುವ ಅಕ್ಕನ ಮದುವೆ ವಿಡಿಯೋ, ಹನ್ನೆರಡು ವರ್ಷದ ಫೋಟೋ ಎಲ್ಲ ನನ್ನ ಲ್ಯಾಪ್‌ಟಾಪಿಗೆ ಬರಬೇಕಿತ್ತು. ಒಟ್ಟು 90 ಜಿಬಿ. ಹಾರ್ಡ್ ಡಿಸ್ಕನ್ನು ಬೆಂಗಳೂರಿನ ರೂಮಲ್ಲೇ ಮರೆತು ಬಂದಿದ್ದೆ. ವೈಫೈ ಇದೆಯಲ್ಲ, ಆಗುತ್ತೆ ಬಿಡು ಅಂದುಕೊಂಡೆ.

ತಿಂಡಿ ತಿಂದು ಹನ್ನೊಂದಕ್ಕೆ ಶುರು ಮಾಡಿದರೆ ಸೆಕೆಂಡಿಗೆ ಬರೀ 3 ಎಂಬಿ. ಲೆಕ್ಕ ಹಾಕಿದೆ, ಎಂಟು ಗಂಟೆಗೂ ಜಾಸ್ತಿ. ಸಂಜೆ ಆರಕ್ಕೆ ನನ್ನ ಬಸ್ಸು.

"ಪ್ಲಾನ್ ಬದಲಾಯಿಸಿಬಿಡೋಣ್ವೇನೋ? ಪಕ್ಕದ ಮನೆಯವರು 300ರ ಸ್ಪೀಡ್ ಹಾಕಿಸಿದಾರಂತೆ" ಅಂದರು ಅಪ್ಪ.

"ಕಾರ್ಪೊರೇಷನ್ ಪೈಪು ದಪ್ಪ ಮಾಡಿಸಿದರೆ ನಮ್ಮ ಸಂಪಿಂದ ಟ್ಯಾಂಕಿಗೆ ನೀರು ಬೇಗ ಏರುತ್ತಾ ಅಪ್ಪ?"

"ಅದು ಹೆಂಗೆ ಏರುತ್ತೆ? ಮೋಟಾರ್ ನೋಡಬೇಕು."

ಅಷ್ಟೇ ವಿಷಯ. ಈ ಫೈಲುಗಳು ಮನೆ ಬಿಟ್ಟು ಆಚೆ ಹೋಗೋದೇ ಇಲ್ಲ, ಇಂಟರ್ನೆಟ್ ಪ್ಲಾನಿಗೂ ಇದಕ್ಕೂ ಸಂಬಂಧವಿಲ್ಲ. ತೊಂದರೆ ಇದ್ದದ್ದು ಗಾಳಿಯಲ್ಲಿ. ಎರಡೂ ಕಂಪ್ಯೂಟರ್ ವೈಫೈನಲ್ಲಿದ್ದರೆ ಅವು ನೇರವಾಗಿ ಮಾತಾಡಲ್ಲ. ಫೈಲು ಮಹಡಿಯಿಂದ ರೂಟರಿಗೆ ಬರುತ್ತೆ, ಅದೇ ಫೈಲು ಮತ್ತೆ ರೂಟರಿಂದ ಲ್ಯಾಪ್‌ಟಾಪಿಗೆ ಹೋಗುತ್ತೆ. ಎರಡೂ ಒಂದೇ ಚಾನೆಲ್‌ನಲ್ಲಿ, ಸರದಿ ಪ್ರಕಾರ. ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಹಾಗಾಗಿ ಅರ್ಧ ವೇಗ ಅಲ್ಲೇ ಹೋಯಿತು. ಮೇಲಾಗಿ ಎರಡೂ ಇದ್ದದ್ದು ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ನಮ್ಮ ಬೀದಿಯ ಅಷ್ಟೂ ಮನೆ ಅದರಲ್ಲೇ ಹಂಚಿಕೊಳ್ಳಬೇಕು.

ಮೊದಲು ಲ್ಯಾಪ್‌ಟಾಪನ್ನು ವೈಫೈನ ಇನ್ನೊಂದು ಬ್ಯಾಂಡು, 5 ಗಿಗಾಹರ್ಟ್ಸ್‌ಗೆ ಹಾಕಿದೆ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದ ಹಾಗಾಯಿತು. 3 ಇದ್ದದ್ದು 5 ಆಯಿತು. ಸಾಲದು. ಹಳೇ ಕಂಪ್ಯೂಟರಿನ ವೈಫೈ ಡಾಂಗಲ್‌ಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ.

ಸರಿ, ಸಿಪಿಯು ಹೊತ್ತುಕೊಂಡು ಕೆಳಗಿಳಿದೆ. ಒಳಗಿನಿಂದ ಒಂದು ಜೇಡ ಬಂದು ಕೈ ಮೇಲೆ ಹತ್ತಿತು, ಮೆಟ್ಟಿಲ ಮೇಲೇ ಕೈಬಿಡುತ್ತಿದ್ದೆ! ರೂಟರ್ ಪಕ್ಕ ಇಟ್ಟು, ರೂಟರ್ ಡಬ್ಬದಲ್ಲೇ ಬಂದಿದ್ದ ಲ್ಯಾನ್ ಕೇಬಲ್ ಸಿಕ್ಕಿಸಿದೆ. 11 ಎಂಬಿ. ಖುಷಿಯಾಯಿತು. ಆಮೇಲೆ ಅನುಮಾನವೂ ಬಂತು, ಯಾಕೆಂದರೆ ಅಂಕಿ ಅಲ್ಲಾಡುತ್ತಲೇ ಇರಲಿಲ್ಲ. ವೈಫೈ ಸ್ವಭಾವ ಹಾಗಲ್ಲ, ಏರುತ್ತಾ ಇಳಿಯುತ್ತಾ ಇರುತ್ತೆ. ನೆಟ್‌ವರ್ಕ್ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲನ್ನು ಬೈಟ್‌ನಲ್ಲಿ. 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ 12.5, ಫೈಲಿನ ಜೊತೆ ಹೋಗುವ ವಿಳಾಸ ಇತ್ಯಾದಿಗಳ ಖರ್ಚು ಕಳೆದರೆ ಹೆಚ್ಚುಕಮ್ಮಿ 11. ಅಂದರೆ ತಂತಿಯೇ 100ಕ್ಕೆ ನಿಂತುಬಿಟ್ಟಿತ್ತು. ಕೇಬಲ್ ತುದಿಯ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಗಿಗಾಬಿಟ್ಟಿಗೆ, ಅಂದರೆ 1000 ಮೆಗಾಬಿಟ್ ವೇಗಕ್ಕೆ, ಒಳಗೆ ಎಂಟು ತಂತಿ ಬೇಕು, ಇದರಲ್ಲಿ ನಾಲ್ಕೇ!

ಅಂಗಡಿಗೆ ಹೋಗಿ ಎಂಟೂ ತಂತಿ ಇರುವ, ಎರಡು ಮೀಟರಿನ ಕ್ಯಾಟ್ 6 ಕೇಬಲ್ ತಂದೆ. 52 ಎಂಬಿ. ಲ್ಯಾಪ್‌ಟಾಪ್ ತೋರಿಸುತ್ತಿದ್ದ ವೈಫೈ ವೇಗ 866 ಮೆಗಾಬಿಟ್, ಕೈಗೆ ಸಿಕ್ಕಿದ್ದು ಅದರ ಅರ್ಧ. ವೈಫೈನಲ್ಲಿ ಅಷ್ಟು ಸಿಕ್ಕರೆ ಪುಣ್ಯ. ವಿಡಿಯೋಗಳು ಅರ್ಧ ಗಂಟೆಯಲ್ಲಿ ಮುಗಿದವು.

ಫೋಟೋಗಳು ಮಾತ್ರ ಮತ್ತೆ ಕುಂಟಿದವು. ದೊಡ್ಡ ಫೈಲ್ ಒಂದಾದರೆ ಒಂದೇ ಓಟ. ಸಾವಿರಾರು ಚಿಕ್ಕ ಫೈಲಾದರೆ ಪ್ರತಿಯೊಂದಕ್ಕೂ ಬಾಗಿಲು ತೆಗಿ, ಬಾಗಿಲು ಹಾಕು. ಅದಕ್ಕೆ ವಿಂಡೋಸ್‌ನಲ್ಲೇ ಇರುವ, ಫೈಲ್ ಕಾಪಿ ಮಾಡುವ ರೋಬೋಕಾಪಿ ಅನ್ನೋ ಕಮಾಂಡ್ ಬಳಸಿದೆ. ಎಂಟಿ (/MT) ಅನ್ನೋ ಆಯ್ಕೆ ಕೊಟ್ಟರೆ ಒಂದರ ಹಿಂದೆ ಒಂದು ಕಾಯದೆ ಎಂಟೆಂಟು ಒಟ್ಟಿಗೆ ಸಾಗಿಸುತ್ತೆ. 128ರವರೆಗೂ ಏರಿಸಬಹುದು. ಹಳೇ ಡಿಸ್ಕ್ ಪಾಪ ಅಂತ ನಾನು ಎಂಟಕ್ಕೇ ಬಿಟ್ಟೆ.

ನಾಲ್ಕೂವರೆಗೆ ಎಲ್ಲ ಮುಗಿಯಿತು. ಅಮ್ಮ ಕಾಫಿ ತಂದರು. ಅಪ್ಪ ಸಿಪಿಯು ಮುಂದೆ ಕೈಕಟ್ಟಿಕೊಂಡು ನಿಂತಿದ್ದರು.

"ಇಷ್ಟು ಸ್ಪೀಡಾಗಿ ಓಡುತ್ತಲ್ಲೋ ಇದು. ಗುಜರಿಗೆ ಯಾಕೆ ಹಾಕೋದು?"

ಬಸ್ಸಿಗೆ ಹೊರಡೋ ಮುಂಚೆ ಅದನ್ನು ಮತ್ತೆ ಮಹಡಿಗೆ ಹೊತ್ತೆ.