ನೈಲ್ ದಂಡೆಯಲ್ಲಿ ಒಂದು ಸುಳ್ಳು ಸರಾಸರಿ

ಕೈರೋದಿಂದ ಅಸ್ವಾನ್‌ಗೆ ಹೋಗುವುದಾದರೆ ಹಗಲಿನ ರೈಲನ್ನೇ ಹಿಡಿಯಿರಿ. ದಾರಿ ಸುಮಾರು 880 ಕಿಲೋಮೀಟರ್. ತುಂಬಾ ಪ್ರವಾಸಿಗರು ರಾತ್ರಿ ರೈಲಿನಲ್ಲಿ ಮಲಗಿ ಹೋಗುತ್ತಾರೆ. ನೋಡಬೇಕಾದದ್ದೆಲ್ಲ ನಿದ್ದೆಯಲ್ಲೇ ದಾಟಿಹೋಗುತ್ತದೆ.

ಈಜಿಪ್ಟ್‌ನ ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ 2020ರಲ್ಲೇ 10 ಕೋಟಿ ದಾಟಿತು. ಭಾಗಿಸಿದರೆ ಚದರ ಕಿಲೋಮೀಟರಿಗೆ ನೂರು ಜನ. ಕೇಳೋಕೆ ಆರಾಮವಾಗಿದೆ, ಅಲ್ವಾ? ಆದರೆ ರೈಲಿನಿಂದ ನೋಡಿದರೆ ಆ ನೂರು ಜನರ ಜಾಗ ಎಲ್ಲೂ ಸಿಗುವುದಿಲ್ಲ. ಒಂದೋ ಊರಿಗೆ ಊರು ಅಂಟಿಕೊಂಡಿದೆ, ಇಲ್ಲವೇ ನರಪಿಳ್ಳೆಯೂ ಇಲ್ಲದ ಮರಳುಗಾಡು. ನೂರಕ್ಕೆ ಸುಮಾರು 95 ಜನ ಇರುವುದು ನೈಲ್ ಕಣಿವೆ ಮತ್ತು ಮುಖಜಭೂಮಿಯಲ್ಲಿ. ಅದು ದೇಶದ ನೆಲದಲ್ಲಿ ನೂರಕ್ಕೆ ಐದು ಪಾಲು ಅಷ್ಟೇ. ಭೂಗೋಳದವರ ಹತ್ತಿರ ಇನ್ನೊಂದು ಲೆಕ್ಕ ಇದೆ. ಜನರನ್ನು ಸಾಗುವಳಿ ನೆಲಕ್ಕೆ ಮಾತ್ರ ಹಂಚಿ ನೋಡುವುದು. ಆಗ ನೂರು ಹೋಗಿ ಎರಡು ಸಾವಿರಕ್ಕೂ ಜಾಸ್ತಿಯಾಗುತ್ತದೆ.

ಹೊಲಗಳ ನಡುವೆ ಇಟ್ಟಿಗೆ ಮನೆಗಳು. ತಾರಸಿಯ ಮೇಲೆ ಕಬ್ಬಿಣದ ಕಂಬಿಗಳು ಹಾಗೇ ನಿಂತಿವೆ, ಮಗನಿಗೆ ಮದುವೆಯಾದರೆ ಇನ್ನೊಂದು ಅಂತಸ್ತು ಎಬ್ಬಿಸಲು. ದಕ್ಷಿಣಕ್ಕೆ ಹೋದಂತೆ ಕಬ್ಬಿನ ಗದ್ದೆಗಳು. ಕೊನೆಯ ಕಾಲುವೆ ಮುಗಿದಲ್ಲಿಗೆ ಹಸಿರೂ ಮುಗಿಯಿತು.

ಅಸ್ವಾನ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎಲಿಫಂಟೈನ್ ದ್ವೀಪದ ನೈಲೋಮೀಟರ್. ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಗೋಡೆಯಲ್ಲಿ ಅಳತೆಯ ಗೆರೆಗಳು. ಪ್ರವಾಹ ಎಷ್ಟು ಏರಿತು ಎಂದು ನೋಡಿ ಆ ವರ್ಷದ ಬೆಳೆಯನ್ನೂ ತೆರಿಗೆಯನ್ನೂ ಅಂದಾಜು ಮಾಡುತ್ತಿದ್ದರು. ಪ್ರಾಚೀನ ಈಜಿಪ್ಷಿಯನ್ನರ ವರ್ಷದ ಮೂರು ಋತುಗಳಲ್ಲಿ ಮೊದಲನೆಯದೇ ಪ್ರವಾಹದ್ದು. ಪಂಚಾಂಗ, ಕಂದಾಯ, ಊಟ ಎಲ್ಲಕ್ಕೂ ಒಬ್ಬನೇ ಯಜಮಾನ.

1970ರಲ್ಲಿ ಅಸ್ವಾನ್ ಹೈ ಡ್ಯಾಮ್ ಮುಗಿದ ಮೇಲೆ ಪ್ರವಾಹವೇ ನಿಂತಿತು. 2,100 ಮೆಗಾವ್ಯಾಟ್ ವಿದ್ಯುತ್ ಸಾಮರ್ಥ್ಯ, ವರ್ಷವಿಡೀ ನೀರು. ಹೊಲಕ್ಕೆ ಪುಕ್ಕಟೆ ಬರುತ್ತಿದ್ದ ಹೂಳು ಮಾತ್ರ ಈಗ ಅಣೆಕಟ್ಟಿನ ಹಿಂದೆ ನೀರು ನಿಂತು ಆದ ನಾಸರ್ ಸರೋವರದ ತಳದಲ್ಲಿ ಕೂತಿದೆ. ರೈತರು ಗೊಬ್ಬರ ಕೊಳ್ಳುತ್ತಾರೆ.

ಆ ಸರೋವರದಡಿ ನೂಬಿಯಾದ, ಅಂದರೆ ದಕ್ಷಿಣ ಈಜಿಪ್ಟ್ ಮತ್ತು ಉತ್ತರ ಸುಡಾನಿನ ನೈಲ್ ಸೀಮೆಯ, ಊರುಗಳೂ ಇವೆ. 1963-64ರಲ್ಲಿ ಅಲ್ಲಿನ ಸುಮಾರು 50,000 ಜನರನ್ನು ಅಸ್ವಾನಿನ ಉತ್ತರಕ್ಕಿರುವ ಕೋಮ್ ಓಂಬೋ ಕಡೆಗೆ ಸಾಗಿಸಿದರು. ಹೊಸ ಊರುಗಳಿಗೆ ಹಳೆಯ ಹೆಸರುಗಳೇ: ತೋಷ್ಕಾ, ಬಲ್ಲಾನ. ಆದರೆ ನದಿ ದೂರ. ಅದೇ ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್ ಎಂಬ ಪುರಾತನ ದೇಗುಲವನ್ನು ತುಂಡುತುಂಡಾಗಿ ಕತ್ತರಿಸಿ ಎತ್ತರದಲ್ಲಿ ಮತ್ತೆ ನೀರಿನ ಪಕ್ಕದಲ್ಲೇ ಜೋಡಿಸಿದರು. ಕಲ್ಲಿಗೆ ಸಿಕ್ಕ ಆ ಮರ್ಯಾದೆ ಜನರಿಗೆ ಸಿಗಲಿಲ್ಲ ಎಂದೇ ನನಗೆ ಅನಿಸುತ್ತದೆ.

ಅಸ್ವಾನ್ ಎದುರಿನ ಪಶ್ಚಿಮ ದಂಡೆಯ ಘರ್ಬ್ ಸುಹೇಲ್‌ಗೂ ದೋಣಿಯಲ್ಲಿ ಹೋದೆ. ಅದೂ ನೂಬಿಯನ್ನರ ಊರು. ನೀಲಿ, ಹಳದಿ ಗೋಡೆಗಳು, ಅಂಗಳದ ತೊಟ್ಟಿಯಲ್ಲಿ ಪ್ರವಾಸಿಗರಿಗೆ ತೋರಿಸಲು ಮೊಸಳೆ ಮರಿ. ಇಲ್ಲಿ ಸಂಸ್ಕೃತಿಯೇ ಸಂಪನ್ಮೂಲ. ಸ್ವಲ್ಪ ನಾಟಕ ಅನಿಸಿದ್ದು ನಿಜ. ಆದರೂ ನಮ್ಮ ಎದುರು ಅರಬ್ಬಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಹೆಂಗಸರು ಒಳಗೆ ಹೋದ ಕೂಡಲೇ ನೂಬಿಯನ್ ಮಾತಿಗೆ ಇಳಿದರು. ಅದನ್ನು ಯಾರಿಗೂ ಮಾರುವುದಕ್ಕಾಗಿ ಆಡುತ್ತಿರಲಿಲ್ಲ.